ಘಾಟಿ ಇಳಿಯುವ ಹೊತ್ತಿಗೆ ಕಣ್ಣು ಭಾರ: ಮುಂಬೈ ಲೈನಿನ ಲಾರಿ ಚಾಲಕರಿಗೆ ನಿದ್ದೆಯ ಲೆಕ್ಕ

ಬೆಳಗಾವಿ ಕಡೆಯಿಂದ ಹಸಿಮೆಣಸಿನಕಾಯಿ, ಕೋಸು, ಬೀನ್ಸ್ ಹೇರಿಕೊಂಡ ಲಾರಿ ನಸುಕಿನ ನಾಲ್ಕರ ಸುಮಾರಿಗೆ ವಾಶಿ ಎಪಿಎಂಸಿ ಮುಟ್ಟಬೇಕು. ತಡವಾದರೆ ಒಳ್ಳೆಯ ರೇಟು ಕೈತಪ್ಪುತ್ತದೆ, ದಲಾಲರ ಮುಖ ಗಂಟಿಕ್ಕುತ್ತದೆ, ಓನರ್ ಫೋನಿನ ಮೇಲೆ ಫೋನು ಹಚ್ಚುತ್ತಾರೆ. ಹೀಗಾಗಿ ಇಡೀ ಟ್ರಿಪ್ಪನ್ನು ಈ ನಾಲ್ಕು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಲಾಗುತ್ತದೆ. ದಾರಿ ಸುಮಾರು 470 ಕಿಲೋಮೀಟರ್. ಲೋಡಾದ ಗಾಡಿಗೆ ಗಂಟೆಗೆ 40 ಕಿಲೋಮೀಟರ್ ಸರಾಸರಿ ಹಿಡಿದರೆ 12 ಗಂಟೆ. ಅಂದರೆ ಸಂಜೆ 4ಕ್ಕೆ ಬೆಳಗಾವಿ ಬಿಡಬೇಕು. 7ರ ಹೊತ್ತಿಗೆ ಕೊಲ್ಹಾಪುರ, 10ಕ್ಕೆ ಸಾತಾರಾ, ಊಟ ಮುಗಿಸಿ ಹೊರಟರೆ 1ರ ಮೇಲೆ ಪುಣೆ, 3ಕ್ಕೆ ಖಂಡಾಲಾ ಘಾಟಿ.

ಈ ಲೆಕ್ಕದಲ್ಲಿ ಡೀಸೆಲ್ ಇದೆ, ಟೋಲ್ ಇದೆ, ಬಟ್ಟಾ ಇದೆ. ಚಾಲಕ ಯಾವಾಗ ಮಲಗಿದ್ದ ಎಂಬುದು ಮಾತ್ರ ಎಲ್ಲೂ ಇಲ್ಲ. ಅವನು ಬೆಳಿಗ್ಗೆ 6ಕ್ಕೆ ಎದ್ದು, ಮಧ್ಯಾಹ್ನವೆಲ್ಲ ಲೋಡಿಂಗ್ ಹತ್ತಿರ ನಿಂತು ಚೀಲ ಎಣಿಸಿ, ಹಗ್ಗ ಬಿಗಿದು, ಟಾರ್ಪಾಲಿನ್ ಹೊದಿಸಿ ಗಾಡಿ ಹತ್ತಿದ್ದರೆ ಖಂಡಾಲಾದ ಇಳಿಜಾರಿಗೆ ಬರುವಾಗ 21 ಗಂಟೆ ಎಚ್ಚರವಾಗಿರುತ್ತಾನೆ. ಆ ಘಾಟಿಯಲ್ಲಿ ಬ್ರೇಕಿಗೆ ಎಷ್ಟು ಕೆಲಸವೋ ಕಣ್ಣಿಗೂ ಅಷ್ಟೇ.

ಮುಂಬೈ ಲೈನಿನಲ್ಲಿ ಗಾಡಿ ಓಡಿಸುವವರಿಗೆ, ಅವರ ಮನೆಯವರಿಗೆ ಮತ್ತು ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರಿಗೆ ಈ ಬರಹ. ಹೇಳುವುದು ಒಂದೇ ಮಾತು: ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಲಗಿದರಾಯಿತು ಎಂದು ಬಿಟ್ಟರೆ ಆ ಹೊತ್ತು ಉಳಿಯುವುದೇ ಇಲ್ಲ. ಲೋಡು, ಟೋಲು, ಡೀಸೆಲ್ ಜೊತೆಗೆ ನಿದ್ದೆಯನ್ನೂ ಟ್ರಿಪ್ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ದೇಹದೊಳಗಿನ ಎರಡು ಲೆಕ್ಕ

ನಿದ್ದೆ ಬರುವುದಕ್ಕೆ ಎರಡು ಕಾರಣ. ಮೊದಲನೆಯದು, ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದೀರಿ ಎಂಬುದು. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ಕಣ್ಣು ಎಳೆಯುತ್ತದೆ. ಅದನ್ನು ತೆಗೆಯುವುದು ನಿದ್ದೆ ಮಾತ್ರ. ಚಹಾ, ಕಾಫಿಯ ಕೆಫೀನ್ ಅಡೆನೋಸಿನ್ ಕೊಡುವ ಸುದ್ದಿಯನ್ನು ಮಿದುಳಿಗೆ ಮುಟ್ಟದಂತೆ ಸ್ವಲ್ಪ ಹೊತ್ತು ತಡೆಯುತ್ತದೆ ಅಷ್ಟೇ. ಡೀಸೆಲ್ ಮೀಟರಿನ ಮುಳ್ಳಿನ ಮೇಲೆ ಟೇಪ್ ಅಂಟಿಸಿದಂತೆ. ಟ್ಯಾಂಕಿನಲ್ಲಿ ಇರುವುದು ಇದ್ದಷ್ಟೇ.

ಎರಡನೆಯದು ಮಿದುಳಿನೊಳಗಿನ ಗಡಿಯಾರ. ಬೆಳಕನ್ನು ನೋಡಿ ನಡೆಯುವ ಈ ಗಡಿಯಾರ ನೀವು ಮಲಗಿದ್ದರೂ ಮಲಗದಿದ್ದರೂ ನಸುಕಿನ ಸುಮಾರು 2ರಿಂದ 6ರವರೆಗೆ ದೇಹವನ್ನು ಮಂದ ಮಾಡುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಇದೇ ಮಂಪರು ಸಣ್ಣ ಪ್ರಮಾಣದಲ್ಲಿ ಬರುತ್ತದೆ. ಊಟ ಮಾಡದಿದ್ದರೂ ಬರುತ್ತದೆ, ಆದ್ದರಿಂದ ಬರೀ ಊಟವನ್ನು ದೂರಿ ಪ್ರಯೋಜನವಿಲ್ಲ. ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ಮುಂಬೈ ಟ್ರಿಪ್ಪಿನಲ್ಲಿ ಈ ಎರಡೂ ಒಂದೇ ಹೊತ್ತಿಗೆ ಮೈಮೇಲೆ ಬರುತ್ತವೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿದಿರುತ್ತದೆ ಎಂಬುದು ಅದರ ಸಾರ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನಿಗೆ ಇರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ 6ಕ್ಕೆ ಎದ್ದವನಿಗೆ 17 ಗಂಟೆ ತುಂಬುವುದು ರಾತ್ರಿ 11ಕ್ಕೆ, ಸಾತಾರಾ ದಾಟಿ ಖಂಬಾಟಕಿ ಘಾಟಿ ಹತ್ತಿರವಾಗುವಾಗ. ಒಂದು ಹನಿ ಕುಡಿಯದಿದ್ದರೂ ಅಲ್ಲಿಂದ ಮುಂದೆ ಅವನು ಕುಡಿದವನಂತೆಯೇ ಗಾಡಿ ಓಡಿಸುತ್ತಿರುತ್ತಾನೆ, ವ್ಯತ್ಯಾಸವೆಂದರೆ ಯಾವ ಪೊಲೀಸರ ಯಂತ್ರಕ್ಕೂ ಸಿಗುವುದಿಲ್ಲ.

ಇನ್ನೊಂದು ವಿಷಯ. ತೂಕಡಿಕೆ ಯಾವಾಗಲೂ ತಲೆ ಬಾಗಿಸಿ ಬರುವುದಿಲ್ಲ. ಕಣ್ಣು ತೆರೆದಿದ್ದಂತೆಯೇ ಮಿದುಳು ಮೂರ್ನಾಲ್ಕು ಸೆಕೆಂಡು ಮಲಗಿಬಿಡುತ್ತದೆ. 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಗಾಡಿ 65 ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. 2018ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಕೂಲಿಕಾರರಿದ್ದ ವಾಹನ ಖಂಬಾಟಕಿ ಸುರಂಗ ದಾಟಿದ ಮೇಲಿನ ತಿರುವಿನಲ್ಲಿ ಉರುಳಿ 18 ಜನ ಸತ್ತದ್ದು ನಸುಕಿನಲ್ಲೇ. ಅದಕ್ಕೆ ನಿದ್ದೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ತಿರುವೇ ಕೆಟ್ಟದ್ದು. ಆದರೆ ಅಂಥ ತಿರುವನ್ನು ದಾಟಲು ದಿನದ ಅತ್ಯಂತ ಕೆಟ್ಟ ಹೊತ್ತು ಯಾವುದೆಂದು ಕೇಳಿದರೆ ಉತ್ತರ ಅದೇ ನಸುಕು.

ಮುಂಬೈಯಲ್ಲಿ ಕಾಯುವುದೂ ಕೆಲಸ

ದಾರಿ ಮುಗಿದರೆ ದಣಿವು ಮುಗಿಯಬೇಕಿತ್ತು. ಮುಂಬೈಯಲ್ಲಿ ಹಾಗಾಗುವುದಿಲ್ಲ. ನಗರದೊಳಗೆ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ, ದಕ್ಷಿಣ ಮುಂಬೈಗೆ ಇನ್ನೂ ಬಿಗಿ. ಮಂಗಳೂರು, ಉಡುಪಿ ಕಡೆಯಿಂದ ಬರುವವರಿಗೆ ಗಣೇಶ ಚೌತಿಯ ದಿನಗಳಲ್ಲಿ ಮುಂಬೈ–ಗೋವಾ ಹೆದ್ದಾರಿಯಲ್ಲೂ ತಡೆ. ನ್ಹಾವಾ ಶೇವಾ ಬಂದರಿಗೆ ಕಂಟೇನರ್ ಒಯ್ದವರು ಸಾಲಿನಲ್ಲಿ ನಿಲ್ಲುತ್ತಾರೆ. ಭಿವಂಡಿಯ ಗೋಡೌನ್‌ಗಳ ಮುಂದೆ ನಂಬರು ಬರುವವರೆಗೆ ಕಾಯುತ್ತಾರೆ. ವಾಶಿಯಲ್ಲಿ ಮಾಥಾಡಿ ಕೂಲಿಗಳು ಸರಕು ಇಳಿಸುವವರೆಗೆ ಗಾಡಿ ಬಿಟ್ಟು ಹೋಗುವಂತಿಲ್ಲ. ಆಮೇಲೆ ರಿಟರ್ನ್ ಲೋಡಿಗಾಗಿ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಹತ್ತಿರ ಇನ್ನೊಂದು ಕಾಯುವಿಕೆ.

ಟ್ರಾನ್ಸ್‌ಪೋರ್ಟ್ ಆಫೀಸಿನವರು ಇದನ್ನೆಲ್ಲ ವಿಶ್ರಾಂತಿ ಎಂದು ಹಿಡಿಯುತ್ತಾರೆ. “ನಿನ್ನೆ ಇಡೀ ದಿನ ನಿಂತಿತ್ತಲ್ಲ ಗಾಡಿ, ಮಲಗಿರ್ತಾನೆ ಬಿಡಿ” ಎಂಬ ಮಾತು. ಸಾಲಿನಲ್ಲಿ ನಿಂತ ಗಾಡಿಯ ಕ್ಯಾಬಿನ್ ಹೇಗಿರುತ್ತದೆ ನೋಡಿ. ಮುಂದಿನ ಗಾಜಿಗೆ ಅಡ್ಡವಾಗಿ ಲುಂಗಿ ಕಟ್ಟಿದೆ. ಸೀಟಿನ ಹಿಂದಿನ ಹಲಗೆಯ ಮೇಲೆ ಚಾಲಕ ಮೊಣಕಾಲು ಮಡಚಿ ಮಲಗಿದ್ದಾನೆ, ಬನಿಯನ್ ಬೆವರಿಗೆ ಅಂಟಿದೆ, ಬ್ಯಾಟರಿಗೆ ಹಚ್ಚಿದ ಸಣ್ಣ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಎದ್ದು ಗಾಡಿಯನ್ನು ಎರಡು ಮಾರು ಮುಂದೆ ತಂದು ಮತ್ತೆ ಮಲಗಬೇಕು. “ನಿದ್ದಿ ಆತೇನ್ರಿ ಅಣ್ಣಾರ?” ಎಂದು ಕೇಳಿದರೆ ನಿಪ್ಪಾಣಿ ಕಡೆಯವರು ನಗುತ್ತಾರೆ: “ಕಣ್ಣ ಮುಚ್ಚಿದ್ದೆ ಅಷ್ಟರಿ, ನಿದ್ದಿ ಎಲ್ಲಿ ಬರ್ತೈತಿ.”

ಅವರ ಮಾತು ಸರಿಯೇ. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಹದಿನೈದು ನಿಮಿಷಕ್ಕೊಮ್ಮೆ ಎಬ್ಬಿಸಿದರೆ ದೇಹ ದಣಿವಾರಿಸಿಕೊಳ್ಳುವ ಆಳದ ಹಂತಕ್ಕೆ ಇಳಿಯುವುದೇ ಇಲ್ಲ. ಅದರ ಮೇಲೆ ಮಲಗಲು ದೇಹದ ಶಾಖ ಸ್ವಲ್ಪ ಇಳಿಯಬೇಕು, ಮುಂಬೈಯ ಮೇ ತಿಂಗಳ ಧಗೆಯಲ್ಲಿ ತಗಡಿನ ಕ್ಯಾಬಿನ್‌ನಲ್ಲಿ ಅದು ಇಳಿಯುವುದಿಲ್ಲ. 2025ರಲ್ಲಿ ಹೊಸ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಯಿತು. ಆದರೆ ರಸ್ತೆಯ ಮೇಲಿರುವ ಹಳೆಯ ಗಾಡಿಗಳಿಗೆ ಅದರಿಂದ ಏನೂ ಸಿಕ್ಕಿಲ್ಲ.

ಕಾನೂನಿನಲ್ಲಿ ಇರುವುದು

ಚಾಲಕನ ದುಡಿಮೆಯ ಹೊತ್ತಿಗೆ ಮಿತಿ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಪಡಿಸಿತು. ದೂರದ ಮಾರ್ಗಗಳಿಗೆ ಅಧಿಕಾರಿಯ ಒಪ್ಪಿಗೆಯೊಂದಿಗೆ ದಿನಕ್ಕೆ 10, ವಾರಕ್ಕೆ 54 ಗಂಟೆ. 5 ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ಬಿಡುವು. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಬಿಡದೆ 9 ಗಂಟೆ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮೂ ಚಾಲಕರ ಹೊತ್ತಿಗೆ ಇದೇ ಮಿತಿಯನ್ನು ಒಪ್ಪಿತು. 1961ರ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಹೋಗಿದೆ.

ರಸ್ತೆಯ ಮೇಲಿನ ಸಂಗತಿ ಬೇರೆ. 2020ರಲ್ಲಿ ಸೇವ್‌ಲೈಫ್ ಫೌಂಡೇಶನ್ ದೇಶದ ಹತ್ತು ಸಾರಿಗೆ ಕೇಂದ್ರಗಳಲ್ಲಿ ಲಾರಿ ಚಾಲಕರನ್ನು ಮಾತನಾಡಿಸಿದಾಗ ಅವರು ದಿನಕ್ಕೆ ಸರಾಸರಿ 12 ಗಂಟೆಯ ಹತ್ತಿರ ಓಡಿಸುತ್ತಿದ್ದರು. ದಣಿವಾದರೂ ನಿದ್ದೆ ಬಂದರೂ ಗಾಡಿ ನಿಲ್ಲಿಸುವುದಿಲ್ಲ ಎಂದವರು ಸುಮಾರು ಅರ್ಧದಷ್ಟು ಜನ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು, ಗಾಡಿಯೊಳಗಿನ ಯಂತ್ರ ಅದನ್ನು ದಾಖಲಿಸುತ್ತದೆ. ಇಲ್ಲಿ ಅಂಥ ಯಂತ್ರ ಬರುವವರೆಗೆ ಕಾಯುತ್ತ ಕೂರುವಂತಿಲ್ಲ. ಕೈಯಲ್ಲಿರುವುದನ್ನು ಮಾಡಿಕೊಳ್ಳೋಣ.

ಟ್ರಿಪ್ಪಿಗೆ ನಿದ್ದೆ ಹೊಂದಿಸುವುದು

1. ಹೊರಡುವ ದಿನ ಮಧ್ಯಾಹ್ನ ಮಲಗಿ. ರಾತ್ರಿ ಓಡಿಸುವವರಿಗೆ ಇದಕ್ಕಿಂತ ದೊಡ್ಡ ಉಪಾಯವಿಲ್ಲ. ಸಂಜೆ ಹೊರಡುವ ಮೊದಲು 90 ನಿಮಿಷ, ಸಾಧ್ಯವಾದರೆ ಮೂರು ಗಂಟೆ. 2ರಿಂದ 4ರ ನಡುವೆ ದೇಹವೇ ಮಂಪರಾಗಿರುವುದರಿಂದ ನಿದ್ದೆ ಬೇಗ ಹತ್ತುತ್ತದೆ. 4ಕ್ಕೆ ಹೊರಡುವುದಿದ್ದರೆ 12ರಿಂದಲೇ ಮಲಗಿ. ಹಾಗಾದರೆ ಚೀಲ ಎಣಿಸುವವರು ಯಾರು? ಕ್ಲೀನರ್ ಎಣಿಸಲಿ, ಇಲ್ಲವೇ ಮಾಲು ಹೇರಿಸುವವರ ಮನುಷ್ಯ ಎಣಿಸಿ ಸಹಿ ಹಾಕಲಿ. ಲೋಡಿಂಗ್ ಹೊತ್ತಿನಲ್ಲಿ ಚಾಲಕ ನಿಂತಿರಲೇಬೇಕೆಂಬ ರೂಢಿಯೇ ಈ ಲೈನಿನ ಅರ್ಧ ನಿದ್ದೆ ತಿನ್ನುತ್ತಿದೆ ಎಂಬುದು ನನ್ನ ಅಭಿಪ್ರಾಯ.

2. ಒಂದು ಹೊತ್ತನ್ನು ಕಾಯಂ ಮಾಡಿಕೊಳ್ಳಿ. ದಿನಕ್ಕೆ ಒಟ್ಟು 7–8 ಗಂಟೆ ನಿದ್ದೆ ಬೇಕು. ಟ್ರಿಪ್ಪಿನಲ್ಲಿ ಅದು ಒಟ್ಟಿಗೆ ಸಿಗುವುದಿಲ್ಲ, ಸರಿ. ಆದರೆ ನಾಲ್ಕು ಗಂಟೆಯನ್ನಾದರೂ ದಿನಾ ಒಂದೇ ಹೊತ್ತಿಗೆ ಮಲಗಿದರೆ ಒಳಗಿನ ಗಡಿಯಾರ ಅದಕ್ಕೆ ಹೊಂದಿಕೊಳ್ಳುತ್ತದೆ, ಉಳಿದದ್ದನ್ನು ಎರಡು ತುಂಡಾಗಿ ತೆಗೆದುಕೊಂಡರೂ ನಡೆಯುತ್ತದೆ. ವಾಶಿ ಲೈನಿನವರಿಗೆ ಹೊಂದುವ ಹೊತ್ತು ಬೆಳಿಗ್ಗೆ 8ರಿಂದ 12. ಸರಕು ಇಳಿದಿರುತ್ತದೆ, ನಗರದೊಳಗೆ ದಟ್ಟಣೆಯ ನಿರ್ಬಂಧವೂ ಆ ಹೊತ್ತಿನಲ್ಲೇ ಇರುತ್ತದೆ. ಊರಿನಲ್ಲಿ ಲೋಡಿಂಗ್ ಇರುವ ದಿನವೂ ಸಾಧ್ಯವಾದಷ್ಟು ಅದೇ ಹೊತ್ತಿಗೆ ಹತ್ತಿರವಾಗಿ ಮಲಗಿ.

3. ಘಾಟಿಗೆ ಮುಂಚೆ ನಿಲ್ಲಿ. ಎಲ್ಲಿ ನಿಲ್ಲಬೇಕೆಂದು ಹೊರಡುವಾಗಲೇ ಗೊತ್ತುಮಾಡಿ. ನಿದ್ದೆ ಎಳೆಯುವಾಗ ತೀರ್ಮಾನ ಮಾಡುವ ಶಕ್ತಿಯೇ ಮೊದಲು ಹೋಗುತ್ತದೆ. ಆಗ “ಇನ್ನೊಂದು ಸ್ವಲ್ಪ, ಕಳಂಬೋಲಿ ಮುಟ್ಟಿಬಿಡೋಣ” ಎನ್ನಿಸುತ್ತದೆ. ಬೆಳಗಾವಿ ಕಡೆಯವರಿಗೆ ಎರಡು ನಿಲುಗಡೆ ಸಾಕು: ಒಂದು ಸಾತಾರಾದ ಆಚೀಚೆ ಊಟಕ್ಕೆ, ಇನ್ನೊಂದು ಪುಣೆ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತುವ ಮೊದಲು ದೇಹೂರೋಡ್–ತಳೇಗಾಂವ್ ಕಡೆ ನಿದ್ದೆಗೆ. ಖಂಡಾಲಾ ಇಳಿದ ಮೇಲೆ ಖಾಲಾಪುರದಲ್ಲಿ ಮಲಗುತ್ತೇನೆ ಎನ್ನುವುದು ತಲೆಕೆಳಗಾದ ಲೆಕ್ಕ, ಅಪಾಯ ಆಗಲೇ ಹಿಂದೆ ಹೋಗಿರುತ್ತದೆ.

4. ನಿಲುಗಡೆಯ ನಿದ್ದೆ 20 ನಿಮಿಷ, ಇಲ್ಲವೇ 90 ನಿಮಿಷ. ನಡುವಿನದು ಬೇಡ. 20 ನಿಮಿಷದೊಳಗೆ ಎದ್ದರೆ ನಿದ್ದೆ ಆಳಕ್ಕೆ ಇಳಿದಿರುವುದಿಲ್ಲ, ತಲೆ ಹಗುರವಾಗಿರುತ್ತದೆ. 45–50 ನಿಮಿಷಕ್ಕೆ ಎದ್ದರೆ ಆಳದಿಂದ ಎಳೆದು ತಂದಂತಾಗಿ ಅರ್ಧ ಗಂಟೆ ಮಂಕು ಕವಿದಿರುತ್ತದೆ. ಎದ್ದ ಕೂಡಲೇ ಸ್ಟೇರಿಂಗ್ ಹಿಡಿಯಬೇಡಿ. ಇಳಿದು ಟೈರು, ಹಗ್ಗ, ಲೈಟು ನೋಡಿ ಒಂದು ಸುತ್ತು ಬನ್ನಿ. 10–15 ನಿಮಿಷ ಕಳೆಯಲಿ.

5. ಚಹಾ ಕುಡಿದು ಮಲಗಿ. ಓದಲು ಉಲ್ಟಾ ಎನ್ನಿಸುತ್ತದೆ, ಆದರೆ ಕೆಫೀನ್ ಮಿದುಳು ಮುಟ್ಟಲು 20–30 ನಿಮಿಷ ಬೇಕು. ಕುಡಿದು ತಕ್ಷಣ ಕಣ್ಣು ಮುಚ್ಚಿದರೆ ಏಳುವ ಹೊತ್ತಿಗೆ ಎರಡರ ಲಾಭವೂ ಸಿಗುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅವರು ಕೊಟ್ಟದ್ದು ಗಟ್ಟಿ ಕಾಫಿಯಷ್ಟು ಕೆಫೀನ್. ನಮ್ಮ ಕಟಿಂಗ್ ಚಾಯ್‌ನಲ್ಲಿ ಅಷ್ಟಿರುವುದಿಲ್ಲ, ಇರುವುದು ಸಕ್ಕರೆ. ಪುಡಿ ಕಾಫಿಯ ಸ್ಯಾಶೆ ಎರಡು ಜೇಬಿನಲ್ಲಿಟ್ಟುಕೊಳ್ಳಿ.

6. ಮಲಗುವ ಹೊತ್ತಿಗೆ 5–6 ಗಂಟೆ ಮೊದಲೇ ಚಹಾ ಕಾಫಿ ನಿಲ್ಲಲಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ಮೇಲೂ ರಕ್ತದಲ್ಲೇ ಇರುತ್ತದೆ. ಬೆಳಿಗ್ಗೆ 8ಕ್ಕೆ ಮಲಗುವವರು ರಾತ್ರಿ 3ರ ಮೇಲೆ ಮುಟ್ಟಬಾರದು. ವಾಶಿಯಲ್ಲಿ ಸರಕು ಇಳಿಸುವಾಗ ಕುಡಿಯುವ ನಾಲ್ಕೈದು ಗ್ಲಾಸ್ ಚಹಾವೇ ಹಗಲು ನಿದ್ದೆಯ ಶತ್ರು.

7. ಹಗಲನ್ನು ರಾತ್ರಿ ಮಾಡಿ. ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ‘ಏಳು’ ಎನ್ನುತ್ತದೆ. ಲುಂಗಿ ಸಾಲದು. ಕಪ್ಪು ಬಟ್ಟೆಯ ಪರದೆ ಎಲ್ಲ ಗಾಜಿಗೂ ಹೊಲಿಸಿ, ಕಣ್ಣಿಗೆ ದಪ್ಪ ಪಟ್ಟಿ ಕಟ್ಟಿ, ಕಿವಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮ್ ಬೆಣೆ ಇಡಿ. ಗಾಡಿಯನ್ನು ನೆರಳಿಗೆ, ಮುಖ ಪೂರ್ವಕ್ಕಿರದಂತೆ ನಿಲ್ಲಿಸಿ. ಮಲಗುವ ಮೊದಲು ಸ್ನಾನ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಳ್ಳಿ, ಶಾಖ ಇಳಿಯುತ್ತದೆ. ಫೋನನ್ನು ಕ್ಲೀನರ್ ಕೈಗೆ ಕೊಡಿ.

8. ಮಲಗುವ ಜಾಗಕ್ಕೆ ನೂರಿನ್ನೂರು ರೂಪಾಯಿ ಹೋದರೂ ಪರವಾಗಿಲ್ಲ. ಸಾರ್ವಜನಿಕ ತೈಲ ಕಂಪನಿಗಳು ಹೆದ್ದಾರಿಯ ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ‘ಅಪ್ನಾ ಘರ್’ ಹೆಸರಿನಲ್ಲಿ ಲಾರಿ ಚಾಲಕರಿಗೆ ಹಾಸಿಗೆ, ಸ್ನಾನ, ಶೌಚದ ವ್ಯವಸ್ಥೆ ಮಾಡಿವೆ. ಅದರ ಆ್ಯಪ್ ಫೋನಿನಲ್ಲಿ ಹಾಕಿಕೊಂಡು ನಿಮ್ಮ ದಾರಿಯಲ್ಲಿ ಎಲ್ಲಿದೆ ನೋಡಿಟ್ಟುಕೊಳ್ಳಿ.

9. ಇಬ್ಬರು ಚಾಲಕರಿದ್ದರೆ ಪಾಳಿ ಮೊದಲೇ ಗೊತ್ತಿರಲಿ. ಒಬ್ಬ ದಣಿದ ಮೇಲೆ ಇನ್ನೊಬ್ಬ ಎನ್ನುವುದು ಪಾಳಿಯಲ್ಲ. ಬೆಂಗಳೂರು–ಮುಂಬೈಯಂಥ ಸುಮಾರು ಸಾವಿರ ಕಿಲೋಮೀಟರ್ ದಾರಿಯಲ್ಲಿ ನಾಲ್ಕು ಗಂಟೆಗೊಮ್ಮೆ ಬದಲಾಗಿ. ನಸುಕಿನ ಪಾಳಿಯವನು ಸಂಜೆಯ ಹೊತ್ತು ಖಂಡಿತ ಮಲಗಿರಬೇಕು. ಓಡುವ ಗಾಡಿಯಲ್ಲಿನ ನಿದ್ದೆ ನಿಂತ ಗಾಡಿಯ ನಿದ್ದೆಯಷ್ಟು ಗಟ್ಟಿಯಲ್ಲ. ಊರಿಗೆ ಮುಟ್ಟಿದ ಮೇಲೆ ಇಬ್ಬರಿಗೂ ಒಂದು ಪೂರ್ತಿ ರಾತ್ರಿ ಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮುಖಕ್ಕೆ ನೀರು, ಕಿಟಕಿ ತೆಗೆದು ಗಾಳಿ, ಜೋರು ಹಾಡು. ಮೂರೂ ಸುಳ್ಳು ಧೈರ್ಯ. ಲಫ್‌ಬರೋದವರು ತಣ್ಣನೆ ಗಾಳಿ ಮತ್ತು ರೇಡಿಯೋವನ್ನೂ ಪರೀಕ್ಷಿಸಿದ್ದರು. ಪರಿಣಾಮ ಅಲ್ಪ, ಅದೂ ಸ್ವಲ್ಪ ಹೊತ್ತು. ಅಷ್ಟರಲ್ಲಿ ಒಂದು ಸುರಕ್ಷಿತ ಜಾಗ ಹುಡುಕಿ ನಿಲ್ಲಿಸಲಿಕ್ಕೆ ಅವು ಉಪಯೋಗವಾದಾವು, ಅದಕ್ಕಿಂತ ಹೆಚ್ಚಿಗೆ ನೆಚ್ಚಬೇಡಿ.

ಗುಟ್ಕಾ, ತಂಬಾಕು ಬಾಯಿಗೆ ಹಾಕಿಕೊಂಡರೆ ಎಚ್ಚರ ಇರುತ್ತದೆ ಎಂಬುದು ಲೈನಿನಲ್ಲಿ ಎಲ್ಲರ ನಂಬಿಕೆ. ನಿಕೋಟಿನ್ ಚುರುಕು ಕೊಡುವುದು ನಿಜ. ಅದೇ ನಿಕೋಟಿನ್ ಆಮೇಲೆ ಹಗಲು ನಿದ್ದೆಯನ್ನು ಕೆಡಿಸುತ್ತದೆ, ಮರುರಾತ್ರಿ ಇನ್ನೂ ಹೆಚ್ಚು ಬೇಕಾಗುತ್ತದೆ. ಬಾಯಿಯ ಕ್ಯಾನ್ಸರಿನ ಮಾತು ಬೇರೆಯೇ ಇದೆ.

ಹಗಲು ನಿದ್ದೆ ಬರಲೆಂದು ಕ್ವಾರ್ಟರ್ ಹಾಕುವುದು. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ಆದರೆ ಎರಡನೇ ಅರ್ಧದ ನಿದ್ದೆಯನ್ನು ಒಡೆಯುತ್ತದೆ. ಸಂಜೆ ಗಾಡಿ ಹತ್ತುವಾಗ ರಕ್ತದಲ್ಲಿ ಉಳಿದೂ ಇರಬಹುದು.

ರಾತ್ರಿ 10ಕ್ಕೆ ಧಾಬಾದಲ್ಲಿ ಮಟನ್, ಅನ್ನ ಹೊಟ್ಟೆ ಬಿರಿಯ ಉಣ್ಣುವುದು. ದೊಡ್ಡ ಊಟ ಸಂಜೆ ಹೊರಡುವ ಮೊದಲೇ ಮನೆಯಲ್ಲಿ ಮುಗಿಯಲಿ. ದಾರಿಯಲ್ಲಿ ರೊಟ್ಟಿ, ಪಲ್ಯ, ಮೊಸರು. ನೀರು ಕುಡಿದರೆ ಗಾಡಿ ನಿಲ್ಲಿಸಬೇಕಾಗುತ್ತದೆ ಎಂದು ನೀರನ್ನೇ ಬಿಡುವವರಿದ್ದಾರೆ; ಬಾಯಾರಿದ ದೇಹ ಇನ್ನೂ ಬೇಗ ದಣಿಯುತ್ತದೆ.

ಕ್ಲೀನರ್ ಕೈಗೆ ಸ್ಟೇರಿಂಗ್. ಲೈಸೆನ್ಸ್ ಇಲ್ಲದವನು ಓಡಿಸಿ ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ, ಜೈಲಿನ ಪಾಲು ನಿಮಗೂ ಬರುತ್ತದೆ.

ಹಾಗೇ ನೇರ ದಾರಿಯನ್ನು ನಂಬುವುದು. ಭಿವಂಡಿ ಹತ್ತಿರದ ಆಮಣೆಯಿಂದ ನಾಗಪುರಕ್ಕೆ ಹೋಗುವ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ 2025ರಲ್ಲಿ ಪೂರ್ತಿ ತೆರೆದಿದೆ. ಸಿಗ್ನಲ್ ಇಲ್ಲ, ಎದುರು ಗಾಡಿ ಇಲ್ಲ, ಕಣ್ಣಿಗೆ ಕೆಲಸವೇ ಇಲ್ಲ. ಘಾಟಿಯಲ್ಲಿ ಭಯವಾದರೂ ಎಚ್ಚರ ಇಡುತ್ತದೆ, ಇಂಥ ರಸ್ತೆಯಲ್ಲಿ ಅದೂ ಇರುವುದಿಲ್ಲ. ಎರಡು ಗಂಟೆಗೊಮ್ಮೆ ಇಳಿಯಿರಿ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಸೆಕೆಗೆ ತಾಳಲಾರದೆ ಲಾರಿಯ ಕೆಳಗೆ ನೆರಳಿಗೆ ಮಲಗಬೇಡಿ, ಕ್ಲೀನರನ್ನೂ ಮಲಗಲು ಬಿಡಬೇಡಿ. ಯಾರೋ ಗಾಡಿ ಸರಿಸಿದರೆ ಮುಗಿಯಿತು.

ಮುಚ್ಚಿದ ಜಾಗದಲ್ಲಿ, ಗೋಡೆಗೆ ಹತ್ತಿಕೊಂಡು ನಿಲ್ಲಿಸಿ, ಎಸಿಗಾಗಿ ಇಂಜಿನ್ ಚಾಲೂ ಇಟ್ಟು ಮಲಗಬೇಡಿ. ಸೈಲೆನ್ಸರಿನ ಹೊಗೆ ಒಳಗೆ ಸೇರಬಹುದು, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಗಾಜು ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದೂ ಬೇಡ. ಮಳೆಗಾಲದಲ್ಲಿ ಮುಂಬೈಯಲ್ಲಿ ಮಲೇರಿಯಾ, ಡೆಂಗ್ಯೂ ಇರುವುದರಿಂದ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ಮೈಗೆ ಸೊಳ್ಳೆ ಮುಲಾಮು ಹಚ್ಚಿ.

ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಿ ಗಾಡಿ ನಿಲ್ಲಿಸಿ ನಿದ್ದೆ ಮಾಡುವುದು ನಿದ್ದೆಯಲ್ಲಿ ಓಡಿಸುವುದರಷ್ಟೇ ಅಪಾಯ; ಹಿಂದಿನಿಂದ ಬರುವವನೂ ತೂಕಡಿಸುತ್ತಿರಬಹುದು. ಗಾಡಿ ಕೆಟ್ಟು ನಿಲ್ಲಿಸಲೇಬೇಕಾದರೆ ಇಂಡಿಕೇಟರ್ ಹಾಕಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಟ್ಟು, 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.

ನೆಗಡಿ, ತುರಿಕೆಗೆ ತೆಗೆದುಕೊಳ್ಳುವ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ಮೆಡಿಕಲ್ ಅಂಗಡಿಯಲ್ಲಿ “ನಾನು ಗಾಡಿ ಓಡಿಸುವವನು” ಎಂದು ಹೇಳಿಯೇ ಮಾತ್ರೆ ಕೇಳಿ. ಎಚ್ಚರವಿರಲೆಂದು ಧಾಬಾದಲ್ಲಿ ಯಾರಾದರೂ ಗುಳಿಗೆ ಕೊಟ್ಟರೆ ಅದರ ಹತ್ತಿರವೂ ಹೋಗಬೇಡಿ.

ಸಾಕಷ್ಟು ಮಲಗಿದರೂ ಎಳೆಯುತ್ತಿದ್ದರೆ

ಮನೆಯಲ್ಲಿ ಎಂಟು ಗಂಟೆ ಮಲಗಿ ಎದ್ದ ಮೇಲೂ ಹಗಲು ಕಣ್ಣು ಎಳೆಯುತ್ತಿದ್ದರೆ ಅದು ವೇಳಾಪಟ್ಟಿಯ ದೋಷ ಆಗಿರಲಿಕ್ಕಿಲ್ಲ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆ ಇರಬಹುದು. ದಪ್ಪ ಕತ್ತು, ಬೊಜ್ಜು ಇರುವವರಲ್ಲಿ ಇದು ಹೆಚ್ಚು, ಕೂತೇ ದುಡಿಯುವ ಚಾಲಕರಲ್ಲಿ ಎರಡೂ ಸಾಮಾನ್ಯ. ಇದನ್ನು ಮೊದಲು ಕಾಣುವವರು ಹೆಂಡತಿ. ಗಂಡನ ಗೊರಕೆ ಜೋರಾಗಿದ್ದು, ನಡುವೆ ತಟ್ಟನೆ ನಿಂತು, ಆಮೇಲೆ ಉಸಿರುಗಟ್ಟಿದವರಂತೆ ಬೆಚ್ಚಿ ಶುರುವಾಗುತ್ತಿದ್ದರೆ, ಬೆಳಿಗ್ಗೆ ಏಳುವಾಗ ತಲೆನೋವು, ಬಾಯಿ ಒಣಗಿರುವುದು ಇದ್ದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಿ. ಮುಂಬೈಯಲ್ಲಿರುವವರು ಕೆಇಎಂ, ಸಾಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳ ಎದೆರೋಗ ಅಥವಾ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಬಹುದು. ರಾತ್ರಿ ನಿದ್ದೆಯ ಪರೀಕ್ಷೆ ಮಾಡಿ, ಬೇಕಾದರೆ ಮೂಗಿಗೆ ಹಾಕಿಕೊಂಡು ಮಲಗುವ ಗಾಳಿಯಂತ್ರ ಕೊಡುತ್ತಾರೆ. ಇದಕ್ಕೆ ಲೈಸೆನ್ಸ್ ಹೋಗುತ್ತದೆಂದು ಹೆದರಿ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಹೋಗುವುದು ಬೇರೆ.

ಮನೆಯವರಿಗೆ ಇನ್ನೊಂದು ಮಾತು. ಟ್ರಿಪ್ ಮುಗಿಸಿ ಬಂದ ದಿನ ನೆಂಟರು, ಬ್ಯಾಂಕು, ಮಕ್ಕಳ ಶಾಲೆ ಎಲ್ಲ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಮೊದಲ ನಿದ್ದೆ ಮುಗಿಯಲಿ.

ಗಾಡಿ ಮಾಲೀಕರಿಗೆ

ಚಾಲಕ ಎಷ್ಟು ಬುದ್ಧಿವಂತನಾದರೂ ಈ ಪಟ್ಟಿಯ ಅರ್ಧಭಾಗ ನಿಮ್ಮ ಕೈಯಲ್ಲಿದೆ. ಟ್ರಿಪ್ ಶೀಟಿನಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆಯಿರಿ: ಹೊರಡುವ ಮೊದಲು ಎಷ್ಟು ಗಂಟೆ ಮಲಗಿದ, ದಾರಿಯಲ್ಲಿ ಎಲ್ಲಿ, ಎಷ್ಟು ಹೊತ್ತು. ಲೋಡಿಂಗಿಗೆ ಬೇರೆ ಮನುಷ್ಯನನ್ನು ನಿಲ್ಲಿಸಿ. ಹೊರಡುವ ಹೊತ್ತನ್ನು 4ರಿಂದ ಎರಡು ಗಂಟೆ ಹಿಂದಕ್ಕೆ ಸರಿಸಿದರೆ ತಳೇಗಾಂವ್ ಹತ್ತಿರ 90 ನಿಮಿಷ ಮಲಗಿಯೂ ಮಾರುಕಟ್ಟೆ ತಪ್ಪುವುದಿಲ್ಲ. ಹೀಗೆ ಹಿಂದಕ್ಕೆ ಸರಿಸಿದಾಗ ಮಧ್ಯಾಹ್ನದ ನಿದ್ದೆ ಹಾರಿಹೋಗದಂತೆ ಬೆಳಿಗ್ಗೆಯೇ ಮಲಗಲು ಬಿಡಬೇಕು. ದಲಾಲರ ಜೊತೆ ಮಾತಾಡಿ ಮಾಲು ಬೆಳಿಗ್ಗೆ 11ರೊಳಗೆ ಹೇರುವಂತೆ ಮಾಡುವುದು ಚಾಲಕನ ಕೆಲಸವಲ್ಲ, ನಿಮ್ಮದು.

ಮುಂಬೈಯಲ್ಲಿ ಗಾಡಿ ನಿಂತ ದಿನಗಳಿಗೂ ಬಟ್ಟಾ ಕೊಡಿ. ಕೊಡದಿದ್ದರೆ ಅವನು ಕಳೆದ ದುಡ್ಡನ್ನು ರಾತ್ರಿಯ ಓಟದಲ್ಲಿ ಹುಡುಕುತ್ತಾನೆ. ಬೇಗ ಮುಟ್ಟಿದರೆ ಇನಾಮು ಎಂಬ ಪದ್ಧತಿ ಇದ್ದರೆ ಈ ತಿಂಗಳೇ ನಿಲ್ಲಿಸಿ. ರಾತ್ರಿ 2ರಿಂದ 6ರವರೆಗೆ “ಎಲ್ಲಿಗೆ ಬಂದೆ” ಎಂದು ಫೋನ್ ಮಾಡುವುದನ್ನೂ ಬಿಡಿ. ಗಾಡಿಯ ಜಿಪಿಎಸ್ ನೋಡಿದರೆ ಅದು ಎಲ್ಲಿದೆ ಎಂದು ನಿಮಗೇ ಕಾಣುತ್ತದೆ. ತಳೇಗಾಂವ್‌ನಲ್ಲಿ ಒಂದೂವರೆ ಗಂಟೆ ನಿಂತದ್ದು ಕಂಡರೆ ಯಾಕೆಂದು ಕೇಳಬೇಡಿ, ಮಲಗಿರಲಿ ಬಿಡಿ.